ಹಾಸನದ ಬಸ್ ನಿಲ್ದಾಣದಿಂದ ಮಂಡಾವಾದ ಠಾಣೆಗೆ

‘ದಹಾಡ್’ ಎಂಬ ಹಿಂದಿ ಸರಣಿ ನೋಡುತ್ತಿದ್ದಾಗ ಅಮ್ಮ ಮಧ್ಯದಲ್ಲೇ ನಿಲ್ಲಿಸು ಎಂದರು. ನಿಲ್ಲಿಸಿದೆ. “ಇದು ನಮ್ಮ ಕಡೆಯ ಕಥೆ ಅಲ್ವಾ?” ಎಂದು ಕೇಳಿದರು.

ಅಮ್ಮನಿಗೆ ಹಿಂದಿ ಅಷ್ಟಾಗಿ ಬರುವುದಿಲ್ಲ. ನಾನು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಆದರೆ ಆ ದೃಶ್ಯಕ್ಕೆ ನಾನಿನ್ನೂ ಬಾಯಿ ತೆರೆದಿರಲಿಲ್ಲ. ರಾಜಸ್ಥಾನದ ಒಂದು ಸಾರ್ವಜನಿಕ ಶೌಚಾಲಯ. ಒಳಗಿನಿಂದ ಚಿಲಕ ಹಾಕಿದೆ. ಒಡೆದು ನೋಡಿದರೆ ಮದುಮಗಳ ಹಾಗೆ ಅಲಂಕರಿಸಿಕೊಂಡ ಹೆಂಗಸೊಬ್ಬಳು ಸತ್ತು ಬಿದ್ದಿದ್ದಾಳೆ. ಕಾರಣ ಸೈನೈಡ್. ನಮ್ಮ ಪುತ್ತೂರು, ಬಂಟ್ವಾಳದ ಕಡೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

2009ರಲ್ಲಿ ನಾನು ಹಾಸನದ ಹೇಮಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ಹದಿನೈದು ದಿನಕ್ಕೊಮ್ಮೆ ಶಿರಾಡಿ ಘಾಟಿ ಇಳಿದು ಊರಿಗೆ ಹೋಗುತ್ತಿದ್ದೆ, ಭಾನುವಾರ ಸಂಜೆ ವಾಪಸ್ ಬರುತ್ತಿದ್ದೆ. ಇಳಿದ ತಕ್ಷಣ ಬಸ್ ನಿಲ್ದಾಣದ ಶೌಚಾಲಯಕ್ಕೇ ಓಟ. ಹೊರಗೆ ಚಿಲ್ಲರೆ ತೆಗೆದುಕೊಳ್ಳುವ ಅಜ್ಜಿಯ ಹತ್ತಿರ ಬ್ಯಾಗ್ ಇಟ್ಟು ಒಳಗೆ ಹೋಗುತ್ತಿದ್ದೆ. ಆ ವರ್ಷದ ಅಕ್ಟೋಬರ್‌ನಲ್ಲಿ ಸೈನೈಡ್ ಮೋಹನ ಸಿಕ್ಕಿಬಿದ್ದ. ಅಮ್ಮ ಅದೇ ರಾತ್ರಿ ಫೋನ್ ಮಾಡಿ, ಯಾರು ಏನು ಕೊಟ್ಟರೂ ತಿನ್ನಬೇಡ, ನೀರು ಕೂಡ ಕುಡಿಯಬೇಡ ಎಂದು ಮೂರು ಸಲ ಹೇಳಿದರು. ಮುಂದಿನ ಭಾನುವಾರ ನನಗೆ ಆ ಬಾಗಿಲ ಚಿಲಕ ಹಾಕಲು ಕೈ ಬರಲಿಲ್ಲ.

ಅವನು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ಬಡವರ ಮನೆಯ, ಮದುವೆ ತಡವಾದ ಹೆಣ್ಣುಮಕ್ಕಳನ್ನು ಹುಡುಕುತ್ತಿದ್ದ. ವರದಕ್ಷಿಣೆ ಬೇಡ ಎನ್ನುತ್ತಿದ್ದ. ಇರುವ ಚಿನ್ನ ಹಾಕಿಕೊಂಡು ಬಾ ಎಂದು ಹಾಸನ, ಮಡಿಕೇರಿ, ಮೈಸೂರು, ಬೆಂಗಳೂರಿನ ಲಾಡ್ಜ್‌ಗಳಿಗೆ ಕರೆದುಕೊಂಡು ಹೋಗುತ್ತಿದ್ದ. ಬೆಳಗ್ಗೆ ಒಡವೆ ತೆಗೆದಿಡಲು ಹೇಳಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಒಂದು ಮಾತ್ರೆ ಕೊಡುತ್ತಿದ್ದ. ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ. ಹೀಗೆ 20 ಹೆಂಗಸರು ಸತ್ತರು. ಒಂದೊಂದು ಊರಿನ ಪೊಲೀಸರೂ ಅಸಹಜ ಸಾವು ಎಂದು ಬರೆದುಕೊಂಡು ಫೈಲ್ ಮುಚ್ಚಿದ್ದರು. ಒಂದು ಊರಿನ ಫೈಲ್ ಪಕ್ಕದಲ್ಲಿ ಇನ್ನೊಂದು ಊರಿನದ್ದನ್ನು ಇಟ್ಟು ನೋಡಿದವರಿರಲಿಲ್ಲ.

ಇತ್ತೀಚಿನ ಕ್ರೈಮ್ ಸರಣಿಗಳನ್ನು ನಾನು ಅಳೆಯುವುದು ಇದೇ ಅಳತೆಯಲ್ಲಿ. ಕೊಲೆಗಾರ ಎಷ್ಟು ಜಾಣ ಎನ್ನುವುದು ನನಗೆ ಬೇಡ. ಕಾಣೆಯಾದವಳನ್ನು ಯಾರು ಹುಡುಕಿದರು, ಯಾರು ಹುಡುಕಲಿಲ್ಲ, ಯಾಕೆ? ನನಗೆ ಬೇಕಾದದ್ದು ಅದು.

2023ರ ಮೇ ತಿಂಗಳಲ್ಲಿ ಬಂದ ‘ದಹಾಡ್’ ಈ ವಿಷಯದಲ್ಲಿ ನನ್ನ ಮನಸ್ಸು ಗೆದ್ದಿತು. ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ಸೇರಿ ಮಾಡಿದ್ದು, ಎಂಟು ಕಂತು. ಕಥೆ ನಡೆಯುವುದು ರಾಜಸ್ಥಾನದ ಮಂಡಾವಾ ಊರಿನಲ್ಲಿ. ಕೊಲೆಗಾರ ಯಾರೆಂದು ಬೇಗನೆ ತಿಳಿಯುತ್ತದೆ. ವಿಜಯ್ ವರ್ಮಾ ಮಾಡಿದ ಆ ಪಾತ್ರ ಕಾಲೇಜಿನಲ್ಲಿ ಹಿಂದಿ ಪಾಠ ಮಾಡುವ ಮೇಷ್ಟ್ರು. ವ್ಯಾನಿನಲ್ಲಿ ಪುಸ್ತಕ ತುಂಬಿಕೊಂಡು ಹೋಗಿ ಹಳ್ಳಿ ಮಕ್ಕಳಿಗೆ ಓದಲು ಕೊಡುತ್ತಾನೆ. ಎಲ್ಲರಿಗೂ ಒಳ್ಳೆಯವನು. ಆದರೆ ನನ್ನನ್ನು ಹಿಡಿದಿಟ್ಟದ್ದು ಅವನಲ್ಲ. ತಂಗಿ ಕಾಣೆಯಾಗಿದ್ದಾಳೆ ಎಂದು ಠಾಣೆಗೆ ಬರುವ ಅಣ್ಣ. ಬಡ, ಕೆಳಜಾತಿಯವನ ಮಾತು ಯಾರೂ ಕೇಳುವುದಿಲ್ಲ. ಮೇಲ್ಜಾತಿಯ ಹುಡುಗಿಯೊಬ್ಬಳು ಮುಸ್ಲಿಂ ಹುಡುಗನ ಜೊತೆ ಹೋದಾಗ ಇಡೀ ಊರು ಎದ್ದದ್ದನ್ನು ನೋಡಿ, ನನ್ನ ತಂಗಿಯದೂ ಹಾಗೆಯೇ ಎಂದು ಸುಳ್ಳು ಹೇಳುತ್ತಾನೆ. ಆಗ ಮಾತ್ರ ಫೈಲ್ ತೆರೆಯುತ್ತದೆ. ಇದನ್ನು ಬರೆದವರಿಗೆ ನಮ್ಮ ಊರು ಚೆನ್ನಾಗಿ ಗೊತ್ತಿತ್ತು. ಮೋಹನನ ಪ್ರಕರಣದಲ್ಲಿ ಬಂಟ್ವಾಳದ ಕಡೆಯ ಯುವತಿ ಕಾಣೆಯಾದಾಗಲೂ ಇಂಥದ್ದೇ ಗುಮಾನಿಯಿಂದ ಜನ ಠಾಣೆಯ ಮುಂದೆ ಸೇರಿದ್ದರು. ಆಮೇಲೆ ಪೊಲೀಸರು ಫೋನ್ ಕರೆಗಳ ಜಾಡು ಹಿಡಿದರು. ಕಾಣೆಯಾದ ಒಬ್ಬಳ ನಂಬರ್ ಕಾಣೆಯಾದ ಇನ್ನೊಬ್ಬಳ ಮನೆಗೆ ಕರೆದುಕೊಂಡು ಹೋಯಿತು.

ಅಂಜಲಿ ಭಾಟಿಯಾಗಿ ಸೋನಾಕ್ಷಿ ಸಿನ್ಹಾ ಚೆನ್ನಾಗಿ ಮಾಡಿದ್ದಾರೆ. ದಲಿತ ಹುಡುಗಿ, ಸಬ್ ಇನ್‌ಸ್ಪೆಕ್ಟರ್. ಅವಳು ಹಾದುಹೋದಾಗಲೆಲ್ಲ ಠಾಣೆಯ ಒಬ್ಬ ಪೇದೆ ಅಗರಬತ್ತಿ ಹಚ್ಚುತ್ತಾನೆ. ಯಾರೂ ಅದರ ಬಗ್ಗೆ ಭಾಷಣ ಮಾಡುವುದಿಲ್ಲ. ಅಮ್ಮ ಮೊದಲ ಸಲ ಅದನ್ನು ಪೂಜೆ ಅಂದುಕೊಂಡರು. ಎರಡನೇ ಸಲ ಸುಮ್ಮನಾದರು. ಠಾಣೆಯ ಮುಖ್ಯಸ್ಥನಾಗಿ ನಮ್ಮ ಕೊಡಗಿನ ಮೂಲದ ಗುಲ್ಶನ್ ದೇವಯ್ಯ ಇದ್ದಾರೆ. ಬೈಯದೆ, ಕೂಗದೆ, ಕೆಲಸ ಮಾಡಿಸುವ ಅಧಿಕಾರಿ. ಅಂಥವರನ್ನು ಪರದೆಯ ಮೇಲೆ ನೋಡುವುದೇ ಅಪರೂಪ. ಮಧ್ಯದ ಎರಡು ಕಂತು ಎಳೆದ ಹಾಗೆ ಅನ್ನಿಸಿತು, ನಿಜ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ಸೈನೈಡ್ ಮೋಹನ’ ಎನ್ನುವ ಹೆಸರು ನನಗೆ ಇಷ್ಟವಿಲ್ಲ. ಬೇರೆ ಹೆಸರು ಹೇಳಿದರೆ ಯಾರಿಗೂ ತಿಳಿಯುವುದಿಲ್ಲವಾದ್ದರಿಂದ ಬರೆದೆ. 2013ರ ಡಿಸೆಂಬರ್‌ನಲ್ಲಿ ಮೊದಲ ಶಿಕ್ಷೆ, 2020ರ ಜೂನ್‌ನಲ್ಲಿ ಕೊನೆಯ ಪ್ರಕರಣದ ತೀರ್ಪು. ಇಷ್ಟು ವರ್ಷ ಪೇಪರಿನಲ್ಲಿ ಅವನ ಹೆಸರು ದಪ್ಪ ಅಕ್ಷರದಲ್ಲಿ ಬಂತು. ಆ ಹೆಂಗಸರಲ್ಲಿ ಬೀಡಿ ಕಟ್ಟುವವರಿದ್ದರು. ಮನೆಗೆ ದುಡಿದು ಹಾಕುತ್ತಿದ್ದರು. ಅವರು ಒಂದು ಸಂಖ್ಯೆಯಾಗಿ ಉಳಿದರು.

ದೂರು ಯಾಕೆ ಕೊಡಲಿಲ್ಲ ಎಂದು ಹೊರಗಿನವರು ಸುಲಭವಾಗಿ ಕೇಳುತ್ತಾರೆ. ನಮ್ಮ ಮನೆಯಿಂದ ನಾಲ್ಕು ಗದ್ದೆ ಆಚೆಯ ಹುಡುಗಿಯೊಬ್ಬಳು ಆ ಕಾಲದಲ್ಲೇ ಮನೆ ಬಿಟ್ಟು ಹೋದಳು. ಅವಳ ಅಪ್ಪ ಠಾಣೆಗೆ ಹೋಗಲಿಲ್ಲ. ‘ಓಡಿ ಹೋದಳು’ ಎನ್ನುವ ಮಾತು ಕಾಗದದ ಮೇಲೆ ಬಂದರೆ ಚಿಕ್ಕವಳ ಮದುವೆ ನಿಲ್ಲುತ್ತದೆ ಎಂಬ ಹೆದರಿಕೆ. ಅಕ್ಟೋಬರ್‌ನಲ್ಲಿ ಸುದ್ದಿ ಬಂದ ಮೇಲೆ ದಿನಾ ಬೆಳಗ್ಗೆ ನಮ್ಮ ಮನೆಗೆ ಬಂದು ಪೇಪರಿನ ಫೋಟೋಗಳನ್ನು ನೋಡುತ್ತಿದ್ದರು. ಆ ಹುಡುಗಿ ಮುಂದಿನ ವರ್ಷ ಮುಂಬೈಯಿಂದ ಫೋನ್ ಮಾಡಿದಳು. ಬದುಕಿದ್ದಳು. ಅವಳ ಅಪ್ಪ ಅಂಗಳದಲ್ಲೇ ಕುಸಿದು ಕುಳಿತು ಅತ್ತರು.

ಹಾಗಾಗಿಯೇ ‘ಕೇರಳ ಕ್ರೈಮ್ ಫೈಲ್ಸ್’ ನನಗೆ ಅಷ್ಟು ಹತ್ತಿರ. ಅದೂ 2023ರದ್ದೇ, ಆರೇ ಕಂತು. ಎರ್ನಾಕುಲಂನ ಒಂದು ಲಾಡ್ಜ್‌ನಲ್ಲಿ ಮೈ ಮಾರಿ ಬದುಕುವ ಹೆಂಗಸೊಬ್ಬಳ ಕೊಲೆ. ಕೈಯಲ್ಲಿರುವುದು ರಿಜಿಸ್ಟರ್‌ನಲ್ಲಿ ಬರೆದ ಒಂದು ಸಾಲು: ಶಿಜು, ಪಾರಯಿಲ್ ವೀಡು, ನೀಂಡಕರ. ಸುಳ್ಳು ವಿಳಾಸ. ಅಜು ವರ್ಗೀಸ್ ಮತ್ತು ಲಾಲ್ ಅದೊಂದು ಸಾಲು ಹಿಡಿದು ಅಲೆಯುತ್ತಾರೆ. ಹೊಡೆದಾಟವಿಲ್ಲ, ದೊಡ್ಡ ಮಾತಿಲ್ಲ. ಮನೆಗೆ ಫೋನ್ ಮಾಡಲೂ ಪುರುಸೊತ್ತಿಲ್ಲದ ಪೊಲೀಸರು. ಸತ್ತವಳು ಎಂಥವಳು ಎಂದು ಅವರು ಕೆಲಸ ಕಡಿಮೆ ಮಾಡುವುದಿಲ್ಲ. ಹಾಸನದ ಲಾಡ್ಜ್ ಪುಸ್ತಕಗಳಲ್ಲಿ ಮೋಹನ ಬರೆದ ಸುಳ್ಳು ಹೆಸರುಗಳನ್ನು ಯಾರಾದರೂ ಹೀಗೆ ಹಿಡಿದಿದ್ದರೆ ಎಂದು ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಯಿತು.

2012ರ ದೆಹಲಿ ಬಸ್ ಅತ್ಯಾಚಾರ ಪ್ರಕರಣದ ಮೇಲೆ ಮಾಡಿದ ‘ಡೆಲ್ಲಿ ಕ್ರೈಮ್’ ಮೊದಲ ಸೀಸನ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ಅದರಲ್ಲಿ ನಾನು ಮೆಚ್ಚುವುದು ಆ ಬಸ್ಸಿನೊಳಗೆ ಆದದ್ದನ್ನು ತೋರಿಸದೆ ಇರುವುದನ್ನು. ಶೆಫಾಲಿ ಶಾ ಮುಖ ನೋಡಿದರೆ ಸಾಕು. ‘ಕೋಹ್ರಾ’ ಇಷ್ಟವಾದದ್ದು ಮುಖ್ಯವಾಗಿ ಭಾಷೆಗೆ. ಪಂಜಾಬಿನ ಹಳ್ಳಿಯ ಪೊಲೀಸರು ಪಂಜಾಬಿಯಲ್ಲೇ ಮಾತಾಡುತ್ತಾರೆ. ಸುವಿಂದರ್ ವಿಕ್ಕಿ ಮಾಡಿದ ಬಲಬೀರ್ ಸಿಂಗ್ ಮನೆಯಲ್ಲೂ ಠಾಣೆಯಲ್ಲೂ ತಪ್ಪು ಮಾಡಿದ ಮನುಷ್ಯ, ಅದನ್ನು ಅವನ ಮುಖವೇ ಹೇಳುತ್ತದೆ.

ಕನ್ನಡದಲ್ಲೂ ಈಗ ಶುರುವಾಗಿದೆ. 2025ರಲ್ಲಿ ರಮೇಶ್ ಇಂದಿರಾ ಅವರ ‘ಅಯ್ಯನ ಮನೆ’ ಬಂತು. ಚಿಕ್ಕಮಗಳೂರಿನ ಹಳೆಯ ಮನೆ, ಮಳೆ, ಮೂವರು ಸೊಸೆಯರ ಸಾವು, ದೇವರ ಶಾಪ ಎಂದು ಬಾಯಿ ಮುಚ್ಚಿಕೊಂಡ ಮನೆಯವರು. ಖುಷಿ ರವಿ ಆ ಮನೆಯೊಳಗೆ ಹೆದರುತ್ತಾ ಓಡಾಡುವುದು ನಿಜ ಅನ್ನಿಸುತ್ತದೆ. ನನಗೆ ಆ ಸತ್ತ ಸೊಸೆಯರ ಬಗ್ಗೆ ಇನ್ನೂ ಜಾಸ್ತಿ ಬೇಕಿತ್ತು. ಅವರ ತವರು ಯಾವುದು, ಅಲ್ಲಿಂದ ಯಾರಾದರೂ ಕೇಳಿಕೊಂಡು ಬಂದರಾ? ಆದರೂ ಕನ್ನಡದಲ್ಲಿ, ನಮ್ಮದೇ ಮಳೆಯಲ್ಲಿ ಇಂಥ ಕಥೆ ನೋಡಿದ್ದು ಖುಷಿ ಕೊಟ್ಟಿತು.

ಆ 20 ಹೆಂಗಸರ ಕಥೆಯೂ ತುಳು ಮತ್ತು ಕನ್ನಡದಲ್ಲಿ ಬರಬೇಕು. ಶಿರಾಡಿ ಘಾಟಿಯ ಬಸ್ಸು, ಬೀಡಿ ಎಲೆಯ ವಾಸನೆ, ಹಾಸನದ ಬೆಳಗಿನ ಚಳಿ, ಎಲ್ಲ ಇರಬೇಕು. ಮಂಡಾವಾದ ಮರಳಿನ ಮೇಲೆ ತಪ್ಪೇನಿಲ್ಲ. ಆದರೆ ಶೌಚಾಲಯದ ಹೊರಗೆ ಕುಳಿತ ಅಜ್ಜಿ ಅಲ್ಲಿ ಇರಲಿಲ್ಲ.

ಕೊನೆಯಲ್ಲಿ ಅಂಜಲಿ ತನ್ನ ಹಳೆಯ ಕುಲದ ಹೆಸರನ್ನು, ಮೇಘವಾಲ್ ಎಂದು, ಮತ್ತೆ ಇಟ್ಟುಕೊಳ್ಳುತ್ತಾಳೆ. ಅಮ್ಮ ಟಿವಿ ಆರಿಸಲು ಬಿಡಲಿಲ್ಲ. ಸ್ವಲ್ಪ ಹೊತ್ತು ಕುಳಿತಿದ್ದು, “ಆ ಹೆಂಗಸರ ಹೆಸರೆಲ್ಲ ನಿನಗೆ ನೆನಪಿದೆಯಾ?” ಎಂದು ಕೇಳಿದರು. ನನಗೆ ನಾಲ್ಕು ಹೆಸರು ಗೊತ್ತಿತ್ತು. ಅಮ್ಮನಿಗೆ ಏಳು.