ಒಂದೇ ನಳಿಗೆ, ನಾಲ್ಕು ಬಗೆಯ ಕಾಡತೂಸು

12 ಅಕ್ಟೋಬರ್ 2024, ಶನಿವಾರ, ವಿಜಯದಶಮಿ
ಕೊಲಂಬಸ್, ಒಹಾಯೊ

ನಿನ್ನೆ ಆಯುಧಪೂಜೆಯಲ್ಲಿ ಕಾರು, ಲ್ಯಾಪ್‌ಟಾಪ್, ಈಳಿಗೆಮಣೆಗಳ ಸಾಲಿನಲ್ಲಿ ನನ್ನ ಎರಡು .22 (0.22 ಅಂಗುಲದ ಸಣ್ಣ ನಳಿಗೆಯ) ರೈಫಲ್‌ಗಳಿಗೂ ಕುಂಕುಮ ಹಚ್ಚಿದ್ದೆ. ಇಂದು ಬೆಳಿಗ್ಗೆ ಅದನ್ನು ಒರೆಸಿ, ಬೇಸಿಗೆಯಿಡೀ ಮುಂದೂಡುತ್ತಾ ಬಂದಿದ್ದ ಪರೀಕ್ಷೆಯೊಂದನ್ನು ಮುಗಿಸಿಬಿಡೋಣವೆಂದು ಶೂಟಿಂಗ್ ರೇಂಜಿಗೆ ಹೋದೆ. ಎರಡು ವರ್ಷಗಳ ಹಿಂದೆ, ಹಳೆಯ ರೂಗರ್ 10/22 ಸಾಲದೆಂದು ನಿರ್ಧರಿಸಿ, ಜೆಕ್ ದೇಶದ ಸಿಝಡ್ 457 ಬೋಲ್ಟ್ ರೈಫಲನ್ನು ಅದರ ಎರಡು ಪಟ್ಟಿಗೂ ಹೆಚ್ಚು ಹಣ ಕೊಟ್ಟು ಕೊಂಡಿದ್ದೆ. ಆ ಹಣ ನಿಜವಾಗಿ ಯಾವುದಕ್ಕೆ ಸಂದಿತು ಎಂಬುದು ಇಂದಿನ ಪ್ರಶ್ನೆಯಾಗಿತ್ತು.

ದೂರ 50 ಗಜ. ಮೇಜಿನ ಮೇಲೆ ಮರಳುಚೀಲದ ಆಸರೆ. ಅಗ್ಗದ, ಅತಿವೇಗದ ದೊಡ್ಡ ಡಬ್ಬಿಯದೊಂದು, ಸಾಧಾರಣ ವೇಗದ 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡಿನದೊಂದು, ಒಳ್ಳೆಯ ದರ್ಜೆಯ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ ಮತ್ತು ಲಾಪುವಾ ಸೆಂಟರ್-ಎಕ್ಸ್, ಹೀಗೆ ನಾಲ್ಕು ಬಗೆಯ ಕಾಡತೂಸುಗಳು. ಕೊನೆಯ ಎರಡೂ ಜರ್ಮನಿಯ ಶೋನೆಬೆಕ್ ಊರಿನಲ್ಲಿಯೇ ತಯಾರಾಗುತ್ತವೆ. ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ, ಗುಂಡಿನ ಮೇಲಿನ ಮೇಣದ ಲೇಪ ಬೇರೆಯಾಗುವುದರಿಂದ, ಹದಿನೈದು ಸುತ್ತುಗಳನ್ನು ಲೆಕ್ಕಕ್ಕಿಲ್ಲದೆ ಹಾರಿಸಿ ನಳಿಗೆಯನ್ನು ಹೊಸ ಲೇಪಕ್ಕೆ ಹೊಂದಿಸಿದೆ. ಅನಂತರ ಒಂದೇ ಗುರಿಗೆ ಐದೈದು ಗುಂಡುಗಳಂತೆ ಐದು ಗ್ರೂಪ್‌ಗಳನ್ನು ಹೊಡೆದು, ಪ್ರತಿ ಗ್ರೂಪ್‌ನಲ್ಲಿ ಅತಿ ದೂರದ ಎರಡು ರಂಧ್ರಗಳ ನಡುವಣ ಅಂತರವನ್ನು ಕ್ಯಾಲಿಪರ್‌ನಿಂದ ಅಳೆದೆ; ಅಂತರ ಕಡಿಮೆಯಾದಷ್ಟೂ ಒಳ್ಳೆಯದು.

ಸಿಝಡ್‌ನಲ್ಲಿ ಅಗ್ಗದ ಡಬ್ಬಿಯ ಸರಾಸರಿ 28 ಮಿ.ಮೀ., ಸಾಧಾರಣ ವೇಗದ್ದು 17, ಎಸ್‌ಕೆ 12, ಲಾಪುವಾ 11. ರೂಗರ್‌ನಲ್ಲಿ ಅಗ್ಗದ್ದು 31, ಎಸ್‌ಕೆ 20. ಈ ಅಂಕಿಗಳನ್ನು ಮನೆಗೆ ಬಂದು ಮತ್ತೆ ಮತ್ತೆ ನೋಡಿದೆ. ಅಗ್ಗದ ಕಾಡತೂಸು ತುಂಬಿದ ದುಬಾರಿ ರೈಫಲ್, ಹಳೆಯ ರೈಫಲ್‌ಗಿಂತ ಕೇವಲ 3 ಮಿ.ಮೀ. ಮೇಲು, ಅದೇ ಹಳೆಯ ರೈಫಲ್‌ಗೆ ಒಳ್ಳೆಯ ಕಾಡತೂಸು ಹಾಕಿದರೆ ಅದು ಆ ದುಬಾರಿಯನ್ನು ಸಲೀಸಾಗಿ ಸೋಲಿಸುತ್ತದೆ. ಎರಡು ವರ್ಷಗಳ ಹಿಂದೆ ಹತ್ತು ಬಗೆಯ ಡಬ್ಬಿಗಳನ್ನು ಕೊಂಡು ಕೂತಿದ್ದರೆ ಸಾಕಾಗುತ್ತಿತ್ತೇನೋ ಎಂದು ಹೆಂಡತಿಯ ಮುಂದೆ ಮಾತ್ರ ಹೇಳಲಿಲ್ಲ.

ಕಾರಣ ರಿಮ್‌ಫೈರ್‌ನ, ಅಂದರೆ ಅಂಚನ್ನು ಬಡಿದು ಸಿಡಿಸುವ ಈ .22 ಕಾಡತೂಸಿನ ರಚನೆಯಲ್ಲೇ ಇದೆ. ಇಲ್ಲಿ ಕಿಡಿ ಹೊತ್ತಿಸುವ ಮದ್ದು ಹಿತ್ತಾಳೆಯ ತಳದ ಮಡಿಸಿದ ಅಂಚಿನೊಳಗೆ ಸುತ್ತಲೂ ಹರಡಿರುತ್ತದೆ. ಅದು ಒಂದು ಕಡೆ ತೆಳುವಾದರೆ ಹೊತ್ತುವ ರೀತಿ ಬದಲಾಗುತ್ತದೆ, ಅದರೊಂದಿಗೆ ಗುಂಡಿನ ವೇಗವೂ ಬದಲಾಗುತ್ತದೆ. ಅಂಚನ್ನು ಜಜ್ಜಿಯೇ ಸಿಡಿಸುವುದರಿಂದ ಖಾಲಿ ಕೋಶಕ್ಕೆ ಮತ್ತೆ ಮದ್ದು ತುಂಬಿ ನಮಗೆ ಬೇಕಾದಂತೆ ಹೊಂದಿಸಿಕೊಳ್ಳುವ ದಾರಿಯೂ ಇಲ್ಲ. ಸೆಕೆಂಡಿಗೆ ಸುಮಾರು 326 ಮೀಟರ್ ವೇಗದ ಎರಡು ಗುಂಡುಗಳ ನಡುವೆ 18 ಮೀಟರ್ ವ್ಯತ್ಯಾಸವಿದ್ದರೆ, ಗುರುತ್ವವೊಂದೇ 50 ಗಜದಲ್ಲಿ ಅವನ್ನು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಮೇಲೆ ಕೆಳಗೆ ಮಾಡುತ್ತದೆ ಎಂದು ನಾನೇ ಲೆಕ್ಕ ಹಾಕಿ ನೋಡಿದೆ. ಕೈ ಎಷ್ಟೇ ಸ್ಥಿರವಾಗಿದ್ದರೂ ಆ ಒಂದು ಸೆಂಟಿಮೀಟರ್ ಹೋಗುವುದಿಲ್ಲ.

ಅತಿವೇಗದ ಕಾಡತೂಸಿಗೆ ಇನ್ನೊಂದು ತೊಡಕಿದೆ. ಅದರ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಟು ದಾರಿಯಲ್ಲಿ ಆ ವೇಗದಿಂದ ಕೆಳಗಿಳಿಯುವಾಗ ಅಲುಗಾಡುವುದುಂಟು. ಅಲ್ಲದೆ ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ಎಳೆತ ಹೆಚ್ಚುವುದರಿಂದ, ವೇಗವಾಗಿದ್ದರೂ ಅಡ್ಡಗಾಳಿಗೆ ನಿಧಾನದ ಗುಂಡಿಗಿಂತ ಹೆಚ್ಚು ಸರಿಯುತ್ತದೆ. ಇದನ್ನು ಮೊದಲು ಕೇಳಿದಾಗ ನಾನು ನಂಬಿರಲಿಲ್ಲ. ಬೆಳಗಿನ 7 ಡಿಗ್ರಿ ಚಳಿಯಲ್ಲಿ ಶಬ್ದವೇ ಸೆಕೆಂಡಿಗೆ 335 ಮೀಟರಿಗೆ ಇಳಿದಿರುತ್ತದೆಯಾದ್ದರಿಂದ, ಸಾಧಾರಣ ವೇಗದ ಡಬ್ಬಿಯಲ್ಲೂ ಕೆಲವು ಗುಂಡುಗಳು ಆ ಗಡಿ ಮುಟ್ಟಿದವೆಂದು ಕಾಣುತ್ತದೆ; ಎರಡು ಸುತ್ತುಗಳ ಸದ್ದು ಉಳಿದವುಗಳಿಗಿಂತ ಚುರುಕಾಗಿ ಕೇಳಿಸಿತು.

ಅಗ್ಗದ ಡಬ್ಬಿಯ ಐದು ಗ್ರೂಪ್‌ಗಳಲ್ಲಿ ಒಂದು 14 ಮಿ.ಮೀ. ಮಾತ್ರ ಇತ್ತು. ಅದೊಂದರ ಫೋಟೊ ತೆಗೆದು ತೋರಿಸಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಮುಂದಿನದು 41 ಇದ್ದದ್ದು ನನಗೆ ಮಾತ್ರ ಗೊತ್ತು. ಒಂದು ಕಾಡತೂಸು ಸಿಡಿಯಲೇ ಇಲ್ಲ. ಅರ್ಧ ನಿಮಿಷ ನಳಿಗೆಯನ್ನು ಗುರಿಯತ್ತಲೇ ಹಿಡಿದು ಕಾದು, ಹೊರತೆಗೆದು, ಸುತ್ತಿಸಿ ಮತ್ತೆ ಹಾಕಿದಾಗ ಸಿಡಿಯಿತು. ಅಂಚಿನ ಆ ಭಾಗದಲ್ಲಿ ಮದ್ದೇ ಇರಲಿಲ್ಲವೆಂದು ತೋರುತ್ತದೆ.

ಎಸ್‌ಕೆ ಮತ್ತು ಲಾಪುವಾ ನಡುವಣ 1 ಮಿ.ಮೀ. ಅಂತರ ನನ್ನ ಕೈಯ ನಡುಕದೊಳಗೇ ಮುಳುಗಿಹೋಗುವಂಥದ್ದು. ಸ್ಪರ್ಧೆಗೆ ಹೋಗುವವರಿಗೆ ಅದು ಮುಖ್ಯ. ಇಲ್ಲಿಂದ ದೂರವಲ್ಲದ ಮರೆಂಗೊದಲ್ಲಿ ಲಾಪುವಾದವರದೇ ಪರೀಕ್ಷಾ ಕೇಂದ್ರವಿದ್ದು, ನಮ್ಮ ರೈಫಲ್ಲಿನಿಂದಲೇ ಬೇರೆ ಬೇರೆ ಲಾಟ್‌ಗಳನ್ನು (ಒಂದೊಂದು ಸಲಕ್ಕೆ ಒಟ್ಟಿಗೆ ತಯಾರಾದ ಕಾಡತೂಸುಗಳ ಕಂತುಗಳನ್ನು) ಹಾರಿಸಿ ನೋಡಿ, ಒಪ್ಪುವ ಲಾಟನ್ನು ಕೊಳ್ಳಬಹುದು. ವಾರಾಂತ್ಯದ ನನ್ನಂಥವನಿಗೆ ಅಷ್ಟೆಲ್ಲ ಮಾಡುವ ಅಗತ್ಯ ಕಾಣದು. ಇಂದಿನ ಎಸ್‌ಕೆ ಡಬ್ಬಿಯ ಲಾಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದೇನೆ. ಸೋಮವಾರ ಅಂಗಡಿಗೆ ಫೋನ್ ಮಾಡಿ ಅದೇ ಸಂಖ್ಯೆಯ 500 ಇವೆಯೇ ಎಂದು ಕೇಳಬೇಕು. ಉಳಿದ ಅಗ್ಗದ ಡಬ್ಬಿ ಮಗಳಿಗೆ, ತಗಡಿನ ಡಬ್ಬಗಳನ್ನು ಉರುಳಿಸುವುದಕ್ಕೆ.