ಸಿಸಿಎನ್‌ಎ ಈ ಸಲ ಕೈಕೊಟ್ಟಿತು

18 ಮೇ 2025, ಭಾನುವಾರ

ಶುಕ್ರವಾರ ಬರೆದ ಸಿಸಿಎನ್‌ಎ (ಸಿಸ್ಕೊ ಕಂಪನಿ ಕೊಡುವ ನೆಟ್‌ವರ್ಕಿಂಗ್ ಸರ್ಟಿಫಿಕೇಟ್) ಪರೀಕ್ಷೆಯಲ್ಲಿ ಫೇಲ್. ಕೇಳಿದವರಿಗೆಲ್ಲ ಬೇರೆ ಬೇರೆಯಾಗಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಒಂದೇ ಸಲ ಬರೆದುಬಿಡುತ್ತಿದ್ದೇನೆ. ಬೇಜಾರೆಲ್ಲ ಹೋಯಿತು ಅಂದರೆ ಸುಳ್ಳಾಗುತ್ತದೆ. ಆದರೆ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಕೂರುವಷ್ಟು ತಲೆ ತಣ್ಣಗಾಗಿದೆ.

ಆ ಅಂಕಪಟ್ಟಿಯೂ ಒಂದು ತಮಾಷೆಯೇ. ಯಾವ ಪ್ರಶ್ನೆ ತಪ್ಪಾಯಿತು ಅಂತ ಎಲ್ಲೂ ಇಲ್ಲ. ಆರು ವಿಭಾಗಗಳ ಹೆಸರು, ಪಕ್ಕದಲ್ಲಿ ಶೇಕಡಾ ಎಷ್ಟು, ಅಷ್ಟೇ. ನೆಟ್‌ವರ್ಕ್ ಫಂಡಮೆಂಟಲ್ಸ್, ನೆಟ್‌ವರ್ಕ್ ಆಕ್ಸೆಸ್ ಎರಡಕ್ಕೂ ಪರೀಕ್ಷೆಯಲ್ಲಿ ತಲಾ ಶೇ. 20ರ ಪಾಲು. ಐಪಿ ಕನೆಕ್ಟಿವಿಟಿಗೆ 25, ಸೆಕ್ಯೂರಿಟಿಗೆ 15, ಐಪಿ ಸರ್ವೀಸಸ್‌ಗೆ 10, ಆಟೊಮೇಶನ್‌ಗೆ 10. ನನಗೆ ಆಟೊಮೇಶನ್‌ನಲ್ಲಿ ನೂರಕ್ಕೆ 80 ಬಂದಿದೆ. ಐಪಿ ಕನೆಕ್ಟಿವಿಟಿಯಲ್ಲಿ 40.

ಮೊದಲು ನೋಡಿದಾಗ ಹೊಟ್ಟೆ ಉರಿಯಿತು. ಆಮೇಲೆ ಕ್ಯಾಲ್ಕುಲೇಟರ್ ತೆಗೆದೆ. ಆಟೊಮೇಶನ್‌ನಲ್ಲಿ ಇನ್ನೆಷ್ಟು ಓದಿದರೂ ಒಟ್ಟು ಲೆಕ್ಕಕ್ಕೆ ಸೇರುವುದು 2 ಮಾತ್ರ. ಕನೆಕ್ಟಿವಿಟಿಯಲ್ಲಿ ಬಿಟ್ಟುಕೊಟ್ಟಿದ್ದು 15. ಇದು ಕಚ್ಚಾ ಲೆಕ್ಕ. ಅಸಲಿ ಅಂಕ ಎಣಿಸುವ ಬಗೆಯನ್ನು ಸಿಸ್ಕೊದವರು ಹೊರಗೆ ಬಿಟ್ಟುಕೊಡುವುದಿಲ್ಲ. ಆದರೂ ಮುಂದಿನ ವಾರಗಳನ್ನು ಎಲ್ಲಿ ಸುರಿಯಬೇಕು ಅಂತ ತೋರಿಸುವುದಕ್ಕೆ ಇಷ್ಟು ಸಾಕಲ್ವಾ?

ತಮಾಷೆ ಏನೆಂದರೆ, ಐಪಿ ಕನೆಕ್ಟಿವಿಟಿ ಅಂದರೆ ರೂಟಿಂಗ್: ಪ್ಯಾಕೆಟ್ (ದತ್ತಾಂಶದ ತುಣುಕು) ಯಾವ ದಾರಿಯಲ್ಲಿ ಹೋಗಬೇಕು ಅಂತ ರೂಟರ್ ತೀರ್ಮಾನಿಸುವುದು. ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದ ವಿಷಯವೇ ಅದು. ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ದಾರಿ ಹೇಳಿದವರನ್ನು ಎಷ್ಟು ನಂಬಬೇಕು ಅನ್ನೋ ಅಂಕಿ, ಕಡಿಮೆ ಇದ್ದಷ್ಟೂ ನಂಬಿಕೆ ಜಾಸ್ತಿ) ಪಟ್ಟಿಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ: ನೇರ ಜೋಡಣೆಗೆ 0, ಕೈಯಾರೆ ಬರೆದಿಟ್ಟ ಸ್ಟ್ಯಾಟಿಕ್ ದಾರಿಗೆ 1, ರೂಟರ್‌ಗಳು ತಾವೇ ದಾರಿ ಹಂಚಿಕೊಳ್ಳುವ ಪ್ರೋಟೊಕಾಲ್‌ಗಳಲ್ಲಿ ಇಐಜಿಆರ್‌ಪಿಗೆ 90, ಒಎಸ್‌ಪಿಎಫ್‌ಗೆ 110, ರಿಪ್‌ಗೆ 120. ಪಟ್ಟಿ ಬಾಯಿಗೆ ಬಂತು, ಪಟ್ಟಿ ಯಾವಾಗ ಬೇಕು ಅನ್ನೋದು ಕೈಗೆ ಬಂದಿರಲಿಲ್ಲ.

ಪರೀಕ್ಷೆಯ ಪ್ರಶ್ನೆಯನ್ನು ಇಲ್ಲಿ ಬರೆಯುವ ಹಾಗಿಲ್ಲ, ಬರೆಯುವುದೂ ಇಲ್ಲ. ಇವತ್ತು ಬೆಳಿಗ್ಗೆ ನಾನೇ ಒಂದು ಕಟ್ಟಿಕೊಂಡೆ. ಒಂದು ರೂಟರ್‌ನ ಟೇಬಲ್‌ನಲ್ಲಿ (ದಾರಿಗಳ ಪಟ್ಟಿಯಲ್ಲಿ) ಮೂರು ಸಾಲು. ಗೀಟಿನ ಆಚೆಯ ಅಂಕಿ ಮಾಸ್ಕ್, ಅಂದರೆ ವಿಳಾಸದ ಮೊದಲ ಎಷ್ಟು ಬಿಟ್ ಹೊಂದಬೇಕು ಅನ್ನೋದು. 10.20.0.0/16 ಸ್ಟ್ಯಾಟಿಕ್‌ನಿಂದ ಬಂದಿದೆ. 10.20.5.0/24 ಒಎಸ್‌ಪಿಎಫ್‌ನಿಂದ. 10.20.5.0/25 ರಿಪ್‌ನಿಂದ. ಈಗ 10.20.5.77ಕ್ಕೆ ಒಂದು ಪ್ಯಾಕೆಟ್ ಬಂತು. ಯಾವ ದಾರಿ?

ಪಟ್ಟಿ ಬಾಯಿಪಾಠ ಮಾಡಿದವನ ಕೈ ಸೀದಾ ಸ್ಟ್ಯಾಟಿಕ್ ಕಡೆ ಹೋಗುತ್ತದೆ. 1 ಎಲ್ಲಿ, 120 ಎಲ್ಲಿ! ಆದರೆ ಪ್ಯಾಕೆಟ್ ಹೋಗುವುದು ರಿಪ್ ತೋರಿಸಿದ ದಾರಿಯಲ್ಲಿ. ಟೇಬಲ್ ಒಳಗೆ ಬಂದ ಮೇಲೆ ರೂಟರ್ ನೋಡುವುದು ವಿಳಾಸಕ್ಕೆ ಯಾವ ಸಾಲು ಎಲ್ಲಕ್ಕಿಂತ ಉದ್ದ ಹೊಂದುತ್ತದೆ ಅನ್ನೋದನ್ನ ಮಾತ್ರ. /25 ಅಂದರೆ ಇಲ್ಲಿ ಕೊನೆಯ ಅಂಕಿ 0ಯಿಂದ 127ರವರೆಗೆ, 77 ಅದರೊಳಗೇ ಇದೆ, ಮುಗೀತು. 10.20.5.200 ಆಗಿದ್ದರೆ /25ರ ಆಚೆ ಬೀಳುತ್ತಿತ್ತು, ಆಗ ಒಎಸ್‌ಪಿಎಫ್ ಸಾಲು. 10.20.6.1 ಆಗಿದ್ದರೆ ಮಾತ್ರ ಸ್ಟ್ಯಾಟಿಕ್‌ಗೆ ಕೆಲಸ. ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ ಇವುಗಳ ಮಧ್ಯೆ ತಲೆ ಹಾಕುವುದೇ ಇಲ್ಲ. ಒಂದೇ ವಿಳಾಸ, ಒಂದೇ ಮಾಸ್ಕ್ ಇರುವ ದಾರಿಯನ್ನು ಇಬ್ಬರು ಹೇಳಿದಾಗ ಯಾರ ಮಾತು ನಂಬಬೇಕು ಅಂತ ತೀರ್ಮಾನಿಸುವುದಷ್ಟೇ ಅದರ ಕೆಲಸ. ಅಲ್ಲಿ ಸೋತವನ ಹೆಸರು ಟೇಬಲ್‌ಗೇ ಬರುವುದಿಲ್ಲ.

ಎರಡೂ ನಿಯಮ ನನ್ನ ನೋಟ್ಸ್‌ನಲ್ಲಿ ಅಚ್ಚುಕಟ್ಟಾಗಿ ಇವೆ. ಬೇರೆ ಬೇರೆ ಪುಟದಲ್ಲಿ.

ಪರೀಕ್ಷೆ 120 ನಿಮಿಷದ್ದು. ಒಂದು ಪ್ರಶ್ನೆ ದಾಟಿದರೆ ಹಿಂದೆ ಹೋಗುವ ಹಾಗಿಲ್ಲ. ಇದು ಗೊತ್ತಿರುವುದು ಬೇರೆ, ಅನುಭವಿಸುವುದು ಬೇರೆ. ಶಾಲೆಯಿಂದಲೂ ನಮಗೆ ಅಭ್ಯಾಸ: ಬರದಿದ್ದನ್ನು ಬಿಟ್ಟು ಮುಂದೆ ಹೋಗು, ಕೊನೆಗೆ ನೋಡು. ಇಲ್ಲಿ ಆ ಕೊನೆ ಅನ್ನೋದೇ ಇಲ್ಲ. ನಡುವೆ ಲ್ಯಾಬ್ ಪ್ರಶ್ನೆಗಳು ಬರುತ್ತವೆ, ಕಮಾಂಡ್ ಹೊಡೆದು ಕೆಲಸ ಮಾಡಿ ತೋರಿಸಬೇಕು. ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವಾಗ ಇರುವ ಧೈರ್ಯ ಖಾಲಿ ಪ್ರಾಂಪ್ಟ್ ಮುಂದೆ ಇರುವುದಿಲ್ಲ.

ನಿನ್ನೆ ಒಬ್ಬ ಗೆಳೆಯ ಫೋನ್ ಮಾಡಿದ್ದ. "ಬಿಡೋ, ನನ್ನ ಹತ್ರ ಡಂಪ್ಸ್ ಇದೆ, ಕಳಿಸ್ತೀನಿ. ಎರಡು ಸಲ ಓದ್ಕೊಂಡು ಹೋದ್ರೆ ಆಯ್ತು" ಅಂದ. ಡಂಪ್ಸ್ ಅಂದರೆ ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೋತ್ತರಗಳು. ಪಾಪ, ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಬೇಡ ಅಂದೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗಬಹುದು ಅನ್ನೋದು ಒಂದು ಕಾರಣ. ಅದನ್ನು ಪಕ್ಕಕ್ಕಿಟ್ಟರೂ, ಉತ್ತರ ನೋಡಿ ಉತ್ತರ ಕಲಿಯೋದು ನನಗೆ ಈಗಾಗಲೇ ಬರುತ್ತದೆ. ಆ ಕಲಿಕೆಯ ಅಂಕವೇ ಮೇಲೆ ಹೇಳಿದ 40. ಪ್ರಾಕ್ಟೀಸ್ ಪರೀಕ್ಷೆಗಳಲ್ಲಿ 90 ದಾಟುತ್ತಿದ್ದೆ. ಅದೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತಿದ್ದವು, ಪ್ರಶ್ನೆಯ ಮೊದಲ ಸಾಲಿಗೇ ಕಣ್ಣು ಉತ್ತರದ ಮೇಲೆ ಹೋಗಿರುತ್ತಿತ್ತು.

ಹಾಗಾಗಿ ಈ ಸಲ ಓದುವ ಕ್ರಮ ಬೇರೆ. ಪ್ಯಾಕೆಟ್ ಟ್ರೇಸರ್‌ನಲ್ಲಿ (ಕಂಪ್ಯೂಟರಿನೊಳಗೇ ನೆಟ್‌ವರ್ಕ್ ಕಟ್ಟಿ ಅಭ್ಯಾಸ ಮಾಡುವ ಸಾಫ್ಟ್‌ವೇರ್) ಎಂಟರ್ ಒತ್ತುವ ಮೊದಲು, ಏನು ಬರುತ್ತದೆ ಅಂತ ನೋಟ್‌ಬುಕ್‌ನಲ್ಲಿ ಬರೆಯಬೇಕು. ಆಮೇಲೇ ಒತ್ತಬೇಕು. ತುಂಬ ನಿಧಾನ, ಸಿಟ್ಟು ಬರುವಷ್ಟು ನಿಧಾನ. ಆದರೆ ಇವತ್ತು ಮಧ್ಯಾಹ್ನವೇ ಒಂದು ಮೀನು ಗಾಳಕ್ಕೆ ಬಿತ್ತು.

ಎರಡು ಸ್ವಿಚ್, ನಡುವೆ ಒಂದು ಟ್ರಂಕ್, ಅಂದರೆ ಹಲವು ವಿಲ್ಯಾನ್‌ಗಳನ್ನು (ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ಮಾಡಿಟ್ಟ ನೆಟ್‌ವರ್ಕ್‌ಗಳು) ಒಟ್ಟಿಗೆ ಸಾಗಿಸುವ ಕೊಂಡಿ. ಅದರಲ್ಲಿ ವಿಲ್ಯಾನ್ 10, 20 ಎರಡಕ್ಕೇ ಅನುಮತಿ ಕೊಟ್ಟಿದ್ದೆ. ಈಗ 30 ಸೇರಿಸಬೇಕು. 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30' ಅಂತ ಹೊಡೆಯುವ ಮೊದಲು ನೋಟ್‌ಬುಕ್‌ನಲ್ಲಿ ಬರೆದೆ: 10, 20, 30. ಹೊಡೆದು 'ಶೋ ಇಂಟರ್‌ಫೇಸಸ್ ಟ್ರಂಕ್' ನೋಡಿದರೆ ಅಲ್ಲಿ 30 ಒಂದೇ! 10, 20ರ ಪಿಸಿಗಳಿಂದ ಪಿಂಗ್ (ಆ ಕಡೆ ತಲುಪುತ್ತದಾ ಅಂತ ನೋಡುವ ಸಂದೇಶ) ಸಾಲು ಸಾಲಾಗಿ ಟೈಮ್‌ಔಟ್. ಹಳೆಯ ಪಟ್ಟಿಗೆ ಸೇರಿಸಬೇಕಾದರೆ ವಿಲ್ಯಾನ್ ಆದಮೇಲೆ 'ಆ್ಯಡ್' ಅಂತ ಇರಬೇಕು. ಇಲ್ಲದಿದ್ದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ, ಒಂದು ಮಾತೂ ಕೇಳುವುದಿಲ್ಲ. ಕೆಲಸದ ಜಾಗದಲ್ಲಿ ನಡುಹಗಲು ಇದನ್ನು ಮಾಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ಸುಮ್ನೆ ಬೆವರಿದೆ. ವಿಡಿಯೊದಲ್ಲಿ ಮೇಷ್ಟ್ರು ಇದನ್ನು ಹೇಳಿದ್ದು ನೆನಪಿದೆ, ತಲೆಯಾಡಿಸಿದ್ದೂ ನೆನಪಿದೆ.

ಸಬ್‌ನೆಟಿಂಗ್‌ಗೆ, ಅಂದರೆ ವಿಳಾಸಗಳನ್ನು ಚಿಕ್ಕ ಗುಂಪುಗಳಾಗಿ ಒಡೆಯುವ ಲೆಕ್ಕಕ್ಕೆ, ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು. ಲೆಕ್ಕ ಬರುತ್ತದೆ, ವೇಗ ಸಾಲದು. /27 ಅಂದ ತಕ್ಷಣ 32ರ ಮಗ್ಗಿ ಓಡಬೇಕು: 0, 32, 64, 96, 128, 160. ಹಾಗಾಗಿ .141 ಬಿದ್ದಿರುವುದು 128ರ ಮನೆಯಲ್ಲಿ, ಬ್ರಾಡ್‌ಕಾಸ್ಟ್ (ಗುಂಪಿನ ಎಲ್ಲರಿಗೂ ಕಳಿಸುವ ವಿಳಾಸ) 159, ನಡುವೆ ಬಳಸಲು 30 ವಿಳಾಸ. ಬೈನರಿ ಬರೆದು ಕೂತರೆ ಸರಿ ಉತ್ತರವೇ ಬರುತ್ತದೆ, ಆದರೆ ಮುಂದಿನ ಲ್ಯಾಬ್‌ಗೆ ಸಮಯ ಉಳಿಯುವುದಿಲ್ಲ. ಐಪಿವಿ6, ವೈರ್‌ಲೆಸ್ ಎರಡನ್ನೂ ಮೇಲಿಂದ ಒಂದು ಸಲ ನೋಡಿದರೆ ಸಾಕು ಅನಿಸುತ್ತದೆ. ಆಟೊಮೇಶನ್ ವಿಭಾಗದ ಜೇಸನ್, ರೆಸ್ಟ್ ಎಪಿಐಗಳನ್ನು ಮುಟ್ಟುವುದೇ ಇಲ್ಲ. ಅವನ್ನು ಓದುವಾಗ ಖುಷಿಯಾಗುತ್ತದೆ, ಅದೇ ಅಪಾಯ.

ಒಎಸ್‌ಪಿಎಫ್ ಒಳಗೆ ದಾರಿ ಹುಡುಕುವುದು ಡೈಕ್‌ಸ್ಟ್ರಾ ಅವರ ಅಲ್ಗಾರಿದಮ್. 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಕೆಫೆಯಲ್ಲಿ ಕೂತು, ಪೆನ್ನು ಕಾಗದ ಇಲ್ಲದೆ, ಸುಮಾರು 20 ನಿಮಿಷದಲ್ಲಿ ಅದನ್ನು ಯೋಚಿಸಿದೆ ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಪ್ರಕಟವಾಗಿದ್ದು 1959ರಲ್ಲಿ. ಅವರು 20 ನಿಮಿಷದಲ್ಲಿ ಕಂಡುಹಿಡಿದಿದ್ದಕ್ಕೆ ನಾನು ಎಷ್ಟು ರಾತ್ರಿ ಕೊಟ್ಟಿದ್ದೇನೋ, ಲೆಕ್ಕ ಇಡದಿರುವುದೇ ವಾಸಿ.

ಮರುಪರೀಕ್ಷೆಯ ನಿಯಮ ಸರಳ. ಫೇಲಾದ ಮಾರನೆಯ ದಿನದಿಂದ 5 ದಿನ ಕಾಯಬೇಕು, ಆಮೇಲೆ ಯಾವಾಗ ಬೇಕಾದರೂ ಬುಕ್ ಮಾಡಬಹುದು, ಶುಲ್ಕ ಮತ್ತೆ ಪೂರ್ತಿ ಕಟ್ಟಬೇಕು. ಈ ವಾರವೇ ಬರೆದುಬಿಡೋಣ, ಬಿಸಿ ಆರುವ ಮೊದಲೇ, ಅಂತ ಒಂದು ಮನಸ್ಸು. ಆ ಮನಸ್ಸಿನ ಮಾತು ಕೇಳಲಿಲ್ಲ. ಜೂನ್ ಕೊನೆಯ ವಾರಕ್ಕೆ ಬುಕ್ ಮಾಡಿದ್ದೇನೆ. ದಿನಾಂಕ ಹಾಕದೆ 'ರೆಡಿ ಆದಮೇಲೆ' ಅಂತಿದ್ದರೆ ಅದು ದೀಪಾವಳಿಗೂ ಮುಗಿಯದ ಕತೆ.

ಡಂಪ್ಸ್ ಕಳಿಸುತ್ತೇನೆ ಅಂದಿದ್ದ ಅದೇ ಗೆಳೆಯನಿಗೆ ಬೇರೊಂದು ಕೆಲಸ ಹಚ್ಚಿದ್ದೇನೆ. ಸರಿಯಾಗಿ ಓಡುತ್ತಿರುವ ನನ್ನ ಲ್ಯಾಬ್ ಫೈಲನ್ನು ಅವನು ತೆಗೆದುಕೊಂಡು, ಮೂರು ಕಡೆ ಕೆಡಿಸಿ ವಾಪಸ್ ಕಳಿಸಬೇಕು. ಎಲ್ಲಿ ಅಂತ ಹೇಳಬಾರದು. ಇದರಲ್ಲಿ ಅವನಿಗೆ ನನಗಿಂತ ಜಾಸ್ತಿ ಉತ್ಸಾಹ. ಸಂಜೆ ಮೊದಲ ಫೈಲ್ ಬಂತು. ಎರಡೂ ತುದಿ ಒಎಸ್‌ಪಿಎಫ್‌ನ ಒಂದೇ ಏರಿಯಾದಲ್ಲಿ (ವಲಯದಲ್ಲಿ) ಇರಬೇಕಾದ ಒಂದು ಲಿಂಕ್‌ನ ಒಂದು ತುದಿ ಏರಿಯಾ 0, ಇನ್ನೊಂದು ತುದಿ ಏರಿಯಾ 1, ಅದು ಬೇಗ ಸಿಕ್ಕಿತು. ಇನ್ನೊಂದು ರೂಟರ್‌ನಲ್ಲಿ ನೆರೆಯ ರೂಟರ್‌ಗೆ ಹೋಗುವ ಇಂಟರ್‌ಫೇಸನ್ನೇ ಪ್ಯಾಸಿವ್ ಮಾಡಿಟ್ಟಿದ್ದ, ನೆರೆಯವರನ್ನು ಗುರುತಿಸಿಕೊಳ್ಳುವ ಹಲೋ ಸಂದೇಶ ಹೊರಗೇ ಹೋಗುತ್ತಿರಲಿಲ್ಲ. ಮೂರನೆಯದು ಇನ್ನೂ ಸಿಕ್ಕಿಲ್ಲ. ಸಿಮ್ಯುಲೇಶನ್ ಮೋಡ್‌ನಲ್ಲಿ ನೋಡಿದರೆ ಪಿಂಗ್ ಆ ತುದಿಯವರೆಗೂ ಹೋಗುತ್ತಿದೆ, ಉತ್ತರ ಮಾತ್ರ ಮಧ್ಯದ ರೂಟರ್‌ನಲ್ಲಿ ಸಾಯುತ್ತಿದೆ. ಅಲ್ಲಿ ಎಸಿಎಲ್ (ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನೋ ಪಟ್ಟಿ) ಇಟ್ಟಿದ್ದಾನಾ, ವಾಪಸ್ ದಾರಿಯನ್ನೇ ಕಿತ್ತಿದ್ದಾನಾ? ಎಸಿಎಲ್ ಅಂತ ನೋಟ್‌ಬುಕ್‌ನಲ್ಲಿ ಬರೆದಾಗಿದೆ. ಈಗ ಹೋಗಿ ನೋಡಬೇಕು.