ಫ್ಯಾನ್ ಬಿಚ್ಚುವ ಮೊದಲು ಕಿಟಕಿ ನೋಡಿ

ಮೈಸೂರಿನಲ್ಲಿ ಫ್ಯಾನ್, ಮಿಕ್ಸಿ, ಮೋಟಾರ್ ರಿಪೇರಿ ನನ್ನ ಕೆಲಸ. ಅಡುಗೆಮನೆ ಎಕ್ಸಾಸ್ಟ್ ಫ್ಯಾನ್ ಬಗ್ಗೆ ಬರುವ ದೂರು ಹೆಚ್ಚುಕಡಿಮೆ ಒಂದೇ. "ತಿರುಗುತ್ತೆ, ಆದ್ರೆ ಹೊಗೆ ಎಳೆಯಲ್ಲ. ಮೋಟಾರ್ ಹೋಗಿರಬೇಕು, ಹೊಸದು ಹಾಕಿಬಿಡಿ." ನಾನು ತಕ್ಷಣ ಫ್ಯಾನ್ ಮುಟ್ಟುವುದಿಲ್ಲ. ಮೊದಲು ಬಾಗಿಲು, ಕಿಟಕಿ ನೋಡುತ್ತೇನೆ.

ಎಷ್ಟು ಗಾಳಿ ಹೊರಗೆ ಹೋಗಬೇಕೋ ಅಷ್ಟೇ ಗಾಳಿ ಒಳಗೆ ಬರಬೇಕು. ಒಗ್ಗರಣೆಯ ಘಾಟು ಹಾಲಿಗೆ ಬರದಿರಲಿ ಅಂತ ಬಾಗಿಲು ಮುಚ್ಚುತ್ತಾರೆ, ಸೊಳ್ಳೆಗೆ ಹೆದರಿ ಕಿಟಕಿಯನ್ನೂ ಮುಚ್ಚುತ್ತಾರೆ. ಆಮೇಲೆ ಫ್ಯಾನ್ ಇದ್ದ ಗಾಳಿಯನ್ನೇ ಅಲ್ಲಲ್ಲೇ ಕಲಕುತ್ತದೆ ಅಷ್ಟೇ. ಮೊನ್ನೆ ಒಬ್ಬರ ಮನೆಯಲ್ಲಿ ಪೇಪರ್ ಚೂರನ್ನು ಫ್ಯಾನಿನ ಜಾಲರಿಗೆ ಹಿಡಿದು ತೋರಿಸಿದೆ. ಬಾಗಿಲು ಮುಚ್ಚಿದ್ದಾಗ ಕೆಳಗೆ ಬಿತ್ತು. ಸ್ವಲ್ಪ ತೆರೆದ ಕೂಡಲೇ ಜಾಲರಿಗೆ ಅಂಟಿಕೊಂಡಿತು. "ಇಷ್ಟೇನಾ?" ಅಂದರು. "ಇಷ್ಟೇ ಅಮ್ಮ, ಹೊಸ ಫ್ಯಾನ್ ಬೇಡ" ಅಂದೆ. ಇನ್ನೊಂದು ಮಾತು. ಫ್ಯಾನ್ ಪಕ್ಕದ ಕಿಟಕಿ ತೆರೆದರೆ ಪ್ರಯೋಜನ ಕಡಿಮೆ. ಅಲ್ಲಿ ಬಂದ ಗಾಳಿ ಅಲ್ಲೇ ಹೊರಗೆ ಹೋಗುತ್ತದೆ, ಒಲೆ ಮೇಲಿನ ಹೊಗೆ ಹಾಗೇ ಇರುತ್ತದೆ. ಎದುರು ದಿಕ್ಕಿನಿಂದ ಗಾಳಿ ಬರಬೇಕು.

ಒಳಗಿನದು ಸರಿಯಿದ್ದರೆ ಹೊರಗೆ ಹೋಗಿ ನೋಡುತ್ತೇನೆ. ಮಳೆ ನೀರು ಬರದಂತೆ ಹಾಕಿರುವ ರೆಕ್ಕೆಗಳು ಜಿಡ್ಡಿಗೆ ಅಂಟಿಕೊಂಡು ಮುಚ್ಚಿಯೇ ಇರುತ್ತವೆ. ಇಲ್ಲವೇ ಪಾರಿವಾಳ ಗೂಡು ಕಟ್ಟಿರುತ್ತದೆ. ಮೊಟ್ಟೆ, ಮರಿ ಇದ್ದರೆ ಫ್ಯಾನ್ ಹಾಕಬೇಡಿ ಅಂತ ಹೇಳಿ, ಮರಿ ಹಾರಿದ ಮೇಲೆ ಬಂದು ಕೆಲಸ ಮಾಡುತ್ತೇನೆ. ಈ ವಿಷಯದಲ್ಲಿ ಯಾರು ಅವಸರ ಮಾಡಿದರೂ ಕೇಳುವುದಿಲ್ಲ.

ಕ್ಲೀನಿಂಗ್ ನೀವೇ ಮಾಡಬಹುದು. ಆದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಎಂಸಿಬಿ ಇಳಿಸಿ. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ವೈರಿಗಲ್ಲ, ವಾಪಸ್ ಹೋಗುವ ನ್ಯೂಟ್ರಲ್‌ಗೆ ಕೊಟ್ಟಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅಲ್ಲಿ ಫ್ಯಾನ್ ನಿಂತಿದ್ದರೂ ಅದರ ವೈರಿನಲ್ಲಿ 230 ವೋಲ್ಟ್ ಇರುತ್ತದೆ. ಬ್ಲೇಡಿಗೆ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಸೀಗೆಪುಡಿಯೂ ಜಿಡ್ಡು ಚೆನ್ನಾಗಿ ತೆಗೆಯುತ್ತದೆ. ಅಲ್ಯೂಮಿನಿಯಂ ಬ್ಲೇಡಿಗೆ ವಾಷಿಂಗ್ ಸೋಡಾ, ಕಾಸ್ಟಿಕ್ ಹಾಕಬೇಡಿ, ಕಪ್ಪಾಗುತ್ತದೆ. ಮೋಟಾರಿಗೆ ನೀರು ತಾಗಿಸಲೇಬೇಡಿ, ಒಣ ಬ್ರಷ್ ಸಾಕು. ಬ್ಲೇಡಿನ ಒಂದೇ ಕಡೆ ಜಿಡ್ಡು ಉಳಿದರೆ ತೂಕ ಏರುಪೇರಾಗಿ ಫ್ಯಾನ್ ಅದುರುತ್ತದೆ, ಮೋಟಾರಿನ ಶಾಫ್ಟ್ ಕೂತು ತಿರುಗುವ ಬುಷ್ ಬೇಗ ಸವೆಯುತ್ತದೆ.

ಈಗ ಎಣ್ಣೆ ವಿಷಯ. ನಮ್ಮ ಕಡೆ ಕಿರಕಿರ ಶಬ್ದ ಬಂದರೆ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಹಾಕಿದ ದಿನ ಫ್ಯಾನ್ ಚೆನ್ನಾಗಿಯೇ ತಿರುಗುತ್ತದೆ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವುದನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ? ಬುಷ್ ಒಳಗೂ ಅದೇ ಆಗುತ್ತದೆ. ಆಗ ಸ್ವಿಚ್ ಹಾಕಿದರೆ ಫ್ಯಾನ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಮಧ್ಯಾಹ್ನ ಸರಿಹೋಗುತ್ತದೆ. ದಿನ ಕಳೆದಂತೆ ಅದು ಧೂಳು ಸೇರಿ ಅಂಟಾಗುತ್ತದೆ. ನಾನು ಶಾಫ್ಟ್, ಬುಷ್ ಎರಡನ್ನೂ ಒರೆಸಿ ಹಳೇ ಅಂಟು ತೆಗೆದು, ಹೊಲಿಗೆ ಮಿಷಿನ್ ಎಣ್ಣೆ ಎರಡು ಹನಿ ಬಿಡುತ್ತೇನೆ. ಜಾಸ್ತಿ ಬೇಡ. ಹೆಚ್ಚಾದ ಎಣ್ಣೆ ಮೋಟಾರಿನೊಳಗಿನ ತಂತಿ ಸುರುಳಿ, ಅಂದರೆ ಕಾಯಿಲ್ ಮೇಲೆ ಹೋಗಿ ಧೂಳು ಹಿಡಿಯುತ್ತದೆ.

ಬುಷ್ ಸಲೀಸಾಗಿದ್ದೂ ಗುಂಯ್ ಅಂದು ನಿಂತರೆ, ಕೋಲಿನಿಂದ ತಳ್ಳಿದಾಗ ಮಾತ್ರ ಓಡಿದರೆ, ಸಾಮಾನ್ಯವಾಗಿ ಮೋಟಾರ್ ತಿರುಗಲು ಶುರುಮಾಡಿಸುವ ಕಂಡೆನ್ಸರ್ ಸೋತಿರುತ್ತದೆ. ಹಳೆಯದರ ಮೇಲೆ 2.5 ಅಂತಿದ್ದರೆ ಹೊಸದೂ 2.5 ಮೈಕ್ರೋಫ್ಯಾರಡ್ ಆಗಿರಬೇಕು. ಸ್ಪೀಡ್ ಬರಲಿ ಅಂತ 4 ಹಾಕುವವರಿದ್ದಾರೆ. ಕಾಯಿಲ್ ಬಿಸಿಯಾಗಿ ಸುಡುತ್ತದೆ.

ಗುಂಯ್ ಸದ್ದೂ ಇಲ್ಲ, ಕರೆಂಟ್ ಬರುತ್ತಿದೆ ಅಂದರೆ ವೈಂಡಿಂಗ್, ಅಂದರೆ ಅದೇ ಕಾಯಿಲ್ ಕಡಿದಿರಬಹುದು, ಅಥವಾ ಅದರೊಳಗಿನ ಥರ್ಮಲ್ ಫ್ಯೂಸ್ ಹೋಗಿರಬಹುದು. ಮೋಟಾರ್ ಮಿತಿಮೀರಿ ಬಿಸಿಯಾದಾಗ ಕರೆಂಟ್ ಕಡಿಯುವುದೇ ಆ ಫ್ಯೂಸಿನ ಕೆಲಸ. ಅದನ್ನು ತೆಗೆದು ನೇರ ವೈರ್ ಜೋಡಿಸಿ, "ರೆಡಿ ಆಯ್ತು" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸುತ್ತಲೂ ಎಣ್ಣೆ ಜಿಡ್ಡು, ಕೆಳಗೆ ಒಲೆ. ಮತ್ತೆ ಬುಷ್ ಹಿಡಿದುಕೊಂಡರೆ ಬೆಂಕಿ ಹತ್ತಲು ಇನ್ನೇನು ಬೇಕು? ಯಾಕೆ ಬಿಸಿಯಾಯಿತು ಅಂತ ಹುಡುಕಿ, ಅದೇ ಡಿಗ್ರಿಯ ಫ್ಯೂಸ್ ಹಾಕಬೇಕು. ಸಿಗದಿದ್ದರೆ ಆ ಮೋಟಾರ್ ಬಿಟ್ಟುಬಿಡಿ ಅನ್ನುತ್ತೇನೆ. ಇಲ್ಲಿ ಮಾತ್ರ ಹೊಸ ಫ್ಯಾನ್ ತಗೊಳ್ಳಿ ಅಂತ ನಾನೇ ಹೇಳುತ್ತೇನೆ.

ಬಚ್ಚಲುಮನೆಗೆ ಕರೆದರೆ ನಾನು ಹುಡುಕುವುದು ಗ್ಯಾಸ್ ಗೀಸರ್. "ಗೀಸರ್ ಒಳಗಿದೆ, ಅದಕ್ಕೇ ಸೇಫ್ಟಿಗೆ ಒಂದು ಫ್ಯಾನ್ ಹಾಕಿಕೊಡಿ ಅಣ್ಣ" ಅನ್ನುತ್ತಾರೆ. ಇದು ಸೇಫ್ಟಿ ಅಲ್ಲ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಪೂರ್ತಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಏನು ಮಾಡೀತು? ಗೀಸರಿಗೆ ಹೊಗೆ ಕೊಳವೆ ಇದ್ದರೆ ಫ್ಯಾನಿನ ಎಳೆತಕ್ಕೆ ಆ ಹೊಗೆಯೇ ಒಳಗೆ ವಾಪಸ್ ಬರಬಹುದು. ಗೀಸರನ್ನು ಹೊರಗೆ, ತೆರೆದ ಗಾಳಿಯಲ್ಲಿ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಅದಾದ ಮೇಲೆ ಹಬೆ ಹೋಗಲು ಫ್ಯಾನ್ ಕೂರಿಸಿಕೊಡುತ್ತೇನೆ. ಸ್ನಾನ ಮುಗಿದ ಮೇಲೂ ಅದು 15 ನಿಮಿಷ ತಿರುಗಲಿ, ಗೋಡೆಗೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ.